ಹಗ್ಗದ ಹೊರಗೆ ನಿಂತವರು

ನಮ್ಮ ಸೋಲ್‌ಬರ್ಗ್ ಊರಿಗೆ ನೂರು ವರ್ಷ ತುಂಬಿದ ನೆನಪಿಗೆ ಅಚ್ಚಾಗಿರುವ ಸ್ಮರಣ ಸಂಚಿಕೆಯಲ್ಲಿ ಶ್ರೀಮತಿ ಅಲ್ವೀನಾ ಟ್ವೇಟನ್ ಅವರಿಗೆ ದೊರೆತಿರುವುದು ಒಂದೇ ವಾಕ್ಯ: "ಹೊಲಿಗೆ ಕಲಿಸುತ್ತಿದ್ದ ಶ್ರೀಮತಿ ಟ್ವೇಟನ್ ಕೆಲಕಾಲ ಹೊಸ ಗಣಿತದ ಹುಚ್ಚನ್ನೂ ಹಚ್ಚಿಕೊಂಡಿದ್ದರು." ಹತ್ತು ಪುಟ ಬೇಕರಿಗೆ, ಆರು ಪುಟ ಬೇಸ್‌ಬಾಲ್ ತಂಡಕ್ಕೆ, ಈ ಹೆಂಗಸಿಗೆ ಒಂದು ವಾಕ್ಯ, ಅದೂ ಸುಳ್ಳು. ಹೊಲಿಗೆಯನ್ನು ಅವರು ಯಾರಿಗೂ ಕಲಿಸಲಿಲ್ಲ. ಅವರ ಕೋಟಿನ ಗುಂಡಿಗಳನ್ನು ಹೊಲಿದುಕೊಡುತ್ತಿದ್ದವಳು ನನ್ನ ಹೆಂಡತಿ. ಇನ್ನು ಹುಚ್ಚಿನ ವಿಷಯ. ಯಾವುದು ಹುಚ್ಚು, ಯಾವುದು ಅಲ್ಲ ಎಂಬುದನ್ನು ಬರೆಯುವ ಮೊದಲು ಸಂಪಾದಕರು ಬದುಕಿರುವವರಲ್ಲಿ ಒಬ್ಬರನ್ನಾದರೂ ವಿಚಾರಿಸಬಹುದಿತ್ತು. ನಾನು ಬದುಕಿದ್ದೇನೆ. ಸೋಲ್‌ಬರ್ಗ್ ರೈಲು ನಿಲ್ದಾಣದ ಏಜೆಂಟನಾಗಿ ನಿವೃತ್ತನಾದವನು. ಆ ದಿನಗಳಲ್ಲಿ ಶಾಲಾ ಮಂಡಳಿಯ ಕಾರ್ಯದರ್ಶಿಯೂ ಆಗಿದ್ದೆ. ನನಗೆ ಮತವಿರಲಿಲ್ಲ, ಕಣ್ಣಿತ್ತು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಅಲ್ವೀನಾ ನಮ್ಮ ಊರಿನ ಪೂರ್ವಕ್ಕಿರುವ ಹೊಲಮನೆಯಲ್ಲಿ ಹುಟ್ಟಿದವರು. ಅಗಲ ಭುಜ, ಕಂಚಿನ ದನಿ, ಅಂಗಡಿ ಬೀದಿಯ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳಿಸುವಂಥ ನಗು. ಗಂಡ ಯುದ್ಧದಿಂದ ಹಿಂದಿರುಗಲಿಲ್ಲ, ಮರುಮದುವೆಯ ಮಾತೆತ್ತಿದವರಿಗೆ, "ಇರೋ ಮಕ್ಕಳನ್ನೇ ಸುಧಾರಿಸೋಕಾಗ್ತಿಲ್ಲ, ಇನ್ನೊಬ್ಬನನ್ನ ಯಾಕೆ ತಂದ್ಕೊಳ್ಲಿ?" ಎನ್ನುತ್ತಿದ್ದರು. ಮೂರನೆಯ ಮತ್ತು ನಾಲ್ಕನೆಯ ತರಗತಿಗಳು ಅವರವು. ಚರ್ಚಿನ ನೆಲಮಾಳಿಗೆಯಲ್ಲಿ ಲೆಫ್ಸೆ ರೊಟ್ಟಿ ಲಟ್ಟಿಸುವಾಗಲೂ ಅಕ್ಕಪಕ್ಕದವರಿಗೆ ಭಿನ್ನರಾಶಿ ವಿವರಿಸುತ್ತಿದ್ದ ಹೆಂಗಸು ಆಕೆ.

ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ಹೊಸ ಗಣಿತ ಎಂಬ ಬೋಧನಾ ಪದ್ಧತಿಯ ಸರ್ಕಾರಿ ತರಬೇತಿಗೆಂದು ಫಾರ್ಗೋ ಪಟ್ಟಣಕ್ಕೆ ಹೋಗಿ ಬಂದರು. ರೈಲಿನಿಂದ ಇಳಿದವರು ಪೆಟ್ಟಿಗೆಯನ್ನು ಪ್ಲಾಟ್‌ಫಾರಂ ಮೇಲೆಯೇ ಬಿಟ್ಟು ನನ್ನ ಕಿಟಕಿಯ ಬಳಿ ಧಾವಿಸಿದರು.

"ಸೆವೆರಿನ್! ಗಣ ಅಂದ್ರೆ ಏನು ಗೊತ್ತೇನಯ್ಯಾ ನಿನಗೆ?"

"ಟಿಕೆಟ್ ಕೊಡಮ್ಮ ಮೊದ್ಲು."

"ಟಿಕೆಟ್ ಹಾಳಾಗಿ ಹೋಗ್ಲಿ! ಈ ನಿಲ್ದಾಣದಲ್ಲಿರೋ ಪೆಟ್ಟಿಗೆಗಳೆಲ್ಲ ಸೇರಿ ಒಂದು ವಿಶ್ವಗಣ ಅಂದ್ಕೋ. ಅದರಲ್ಲಿ ಬೀಗ ಇರೋ ಪೆಟ್ಟಿಗೆಗಳು ಒಂದು ಗಣ. ಆಗ ಉಳಿದ ಪೆಟ್ಟಿಗೆಗಳು?"

"ಬೀಗ ಇಲ್ದಿರೋವು."

"ಅದೇ ಪೂರಕ ಗಣ! ನೋಡು, ನಿನಗೂ ಬಂತು!"

ನನಗೆ ಬಂದದ್ದರಲ್ಲಿ ಅವರಿಗಾದ ಸಂತೋಷವನ್ನು ನೋಡಿ ನನಗೂ ಸಂತೋಷವಾಯಿತು. ಪೆಟ್ಟಿಗೆಯನ್ನು ಮನೆಗೆ ಹೊತ್ತೊಯ್ದವನು ಕೊನೆಗೆ ನಾನೇ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆದೊಡನೆ ತಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ, ಹಳದಿ ಬಣ್ಣದಲ್ಲಿ ಅದ್ದಿ, ಶಾಲೆಯ ಒಳಾಂಗಣಕ್ಕೆ ತಂದರು. ಅಲ್ಲಿ ಮರದ ನೆಲದ ಮೇಲೆ ಬಾಸ್ಕೆಟ್‌ಬಾಲ್ ಆಟದ ಗೆರೆಗಳಿದ್ದವು. ಆ ಗೆರೆಗಳೊಳಗಿನ ಆಯತವೇ ವಿಶ್ವಗಣ. ಹಗ್ಗದ ಬಳೆ ಒಂದು ಗಣ. ಕೆಂಪು ಕೈಗವಸಿನವರೆಲ್ಲ ಬಳೆಯೊಳಗೆ ಓಡಬೇಕು. ಗೆರೆಯೊಳಗಿದ್ದೂ ಬಳೆಯೊಳಗಿಲ್ಲದವರು ಪೂರಕ ಗಣ. "ತಮ್ಮನಿರುವವರು!" ಎಂದರೆ ಮತ್ತೆ ಓಟ. "ಇವತ್ತು ಹಲ್ಲುಜ್ಜದವರು!" ಎಂದರೆ ಒಬ್ಬನೂ ಕದಲದೆ ಎಲ್ಲರೂ ಪೂರಕ ಗಣವಾಗಿ ನಿಲ್ಲುತ್ತಿದ್ದರು; ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಗಣಿತದ ಪಾಠದ ಸಮಯದಲ್ಲಿ ಮಕ್ಕಳ ಕೇಕೆ ರೈಲು ನಿಲ್ದಾಣದವರೆಗೆ ಕೇಳಿಸಿದ್ದು ಊರಿನ ಚರಿತ್ರೆಯಲ್ಲಿ ಅದೇ ಮೊದಲು. ಸಂಪಾದಕರು ಇದನ್ನು ಗಮನಿಸಬೇಕು.

ಆದರೆ ಮಕ್ಕಳು ಮನೆಗೆ ಒಯ್ದ ಪಾಠಗಳು ತಂದೆತಾಯಿಗಳಿಗೆ ಅರ್ಥವಾಗಲಿಲ್ಲ. ಮಗ್ಗಿ ಕೇಳಿದರೆ ಹುಡುಗರು ಬಳೆ ಬರೆದು ತೋರಿಸುತ್ತಾರೆ ಎಂಬ ದೂರು ಹಬ್ಬಿತು. ಮಂಡಳಿಯ ಅಧ್ಯಕ್ಷ ಆರ್ವಿಡ್ ಬ್ರೆಕೆ ಗೋಧಿ, ಸಕ್ಕರೆ ಬೀಟ್ ಎರಡನ್ನೂ ಬೆಳೆಯುವ ದೊಡ್ಡ ರೈತ. ಕೆಟ್ಟವನಲ್ಲ, ಯಾವ ಯಂತ್ರವನ್ನು ಕೊಳ್ಳುವಾಗಲೂ "ಇದು ಏನು ಮಾಡುತ್ತೆ?" ಎಂದು ಮೊದಲು ಕೇಳುವವನು. ಅದನ್ನೇ ಇಲ್ಲಿಯೂ ಕೇಳಿದ.

"ಬಳೆಯೊಳಗೆ ಯಾರಿದಾರೆ ಅಂತ ಕೇಳಿ, ನಾನೂ ಹೇಳ್ತೀನಿ. ಒಳಗೆ ಯಾರಿಲ್ಲ ಅನ್ನೋದನ್ನ ಇಷ್ಟು ದೊಡ್ಡದು ಮಾಡಿ ಕಲಿಸ್ಬೇಕೇನ್ರೀ, ಮಿಸೆಸ್ ಟ್ವೇಟನ್? ಇಲ್ಲ ಅಂದ್ರೆ ಇಲ್ಲ, ಅಷ್ಟೇ ಅಲ್ವಾ?"

"ಬಂದು ನೋಡಿ, ಆರ್ವಿಡ್. ನೋಡಿದ್ಮೇಲೂ ಬೇಡ ಅನ್ಸಿದ್ರೆ ತೆಗೀರಿ. ಆದ್ರೆ ಅದನ್ನ ತೆಗೆದ ಶಾಲೇಲಿ ನಾನಿರಲ್ಲ. ಬೀಗದ ಕೈ ಅವತ್ತೇ ನಿಮ್ಮ ಕೈಗೆ."

ಹೀಗೆ ಅರವತ್ತೈದರ ಮಾರ್ಚಿನಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಒಳಾಂಗಣದಲ್ಲಿ ಪ್ರದರ್ಶನ ಪಾಠ, ಅದು ಮುಗಿದೊಡನೆ ಅಲ್ಲಿಯೇ ಮಂಡಳಿಯ ಸಭೆ ಮತ್ತು ಮತದಾನ ಎಂದು ನಿಶ್ಚಯವಾಯಿತು. ಅಲ್ವೀನಾ ಸುಮ್ಮನೆ ಹೆದರಿಸುವವರಲ್ಲ. ಹಿಂದಿನ ದಿನವೇ ತಮ್ಮ ಮೇಜಿನ ಖಾನೆಯನ್ನು ಖಾಲಿ ಮಾಡಿದ್ದನ್ನು ನಾನು ನೋಡಿದ್ದೆ.

ಆ ಮಧ್ಯಾಹ್ನ ಒಳಾಂಗಣದ ಮೆಟ್ಟಿಲುಸಾಲು ತುಂಬಿತ್ತು. ಹಳ್ಳಿಗಾಡಿನಿಂದ ಕಾರಿನಲ್ಲಿ ಬಂದ ರೈತರು, ಅಂಗಡಿಯವರು, ಪಾದ್ರಿಗಳು, ಎಲ್ಲರೂ. ಮಂಡಳಿಯ ಐವರೂ ಮುಂದಿನ ಸಾಲಿನಲ್ಲಿ: ನಡುವೆ ಬ್ರೆಕೆ, ಆತನ ಬಲಕ್ಕೆ ಬೇಕರಿಯ ಗಿಲ್ಮರ್ ಓಕ್ರೆ, ಎಡಕ್ಕೆ ಎಂಬತ್ತು ದಾಟಿದ್ದ ಬೋರ್ಗಿಲ್ಡ್ ಲುಂಡೆ ಅಜ್ಜಿ, ಆಚೀಚೆ ಇನ್ನಿಬ್ಬರು. ಅಲ್ವೀನಾ ನೀಲಿ ಉಡುಪಿನಲ್ಲಿ ಆಯತದ ನಡುವೆ ನಿಂತು, "ಹೊರಡಿ!" ಎಂದರು. ಮಕ್ಕಳು ಬಳೆಯೊಳಗೆ, ಹೊರಗೆ, ಮತ್ತೆ ಒಳಗೆ! ನೆಲ ನಡುಗುತ್ತಿತ್ತು. 

"ಈಗ ಹೇಳಿ. ಬಳೆಯೊಳಗೆ ಬೆಕ್ಕು ಸಾಕಿದವರು. ಹೊರಗಿರೋರು ಯಾರು?"

"ನಾಯಿ ಸಾಕಿದವ್ರು!" ಎಂದು ಮೆಟ್ಟಿಲ ಮೇಲಿಂದ ಒಬ್ಬ ರೈತ ಕೂಗಿದ.

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಕೈಯೆತ್ತಿ, "ಇಲ್ಲ ಸರ್! ಬೆಕ್ಕು ಸಾಕದವ್ರು, ಅಷ್ಟೇ. ನಮ್ಮ ಮನೇಲಿ ನಾಯೀನೂ ಇಲ್ಲ. ಕೋಳಿ ಇದೆ!" ಎಂದಳು.

ಅವಳ ಹೆಸರು ಎಯುಲಾಲಿಯಾ ಟ್ರೆವೀನ್ಯೊ. ಟೆಕ್ಸಸ್‌ನಿಂದ ಬೀಟ್ ಕಳೆ ಕೀಳಲು ಬರುತ್ತಿದ್ದ ಕುಟುಂಬ ಅವರದು. ಹಿಂದಿನ ಶರತ್ಕಾಲದಲ್ಲಿ ಎಲ್ಲರೂ ದಕ್ಷಿಣಕ್ಕೆ ಹಿಂದಿರುಗಿದಾಗ ಇವರು ಹೋಗಲಿಲ್ಲ. ತಂದೆಗೆ ನಮ್ಮ ರೈಲ್ವೆಯ ಹಳಿ ದುರಸ್ತಿ ತಂಡದಲ್ಲಿ ಕೆಲಸ ಸಿಕ್ಕಿತ್ತು. ಊರಿನಿಂದ ಪಶ್ಚಿಮಕ್ಕೆ ಒಂದೂವರೆ ಮೈಲಿ ದೂರದಲ್ಲಿ, ಹಳಿಯ ಪಕ್ಕದಲ್ಲಿ, ರೈಲ್ವೆಯ ಒಂಟಿ ಮನೆ ಅವರ ವಾಸ. ಅಲ್ಲಿಗೆ ರಸ್ತೆಯಿಲ್ಲ, ಹಾಗಾಗಿ ಶಾಲೆಯ ಬಸ್ಸೂ ಇಲ್ಲ. ಹುಡುಗಿ ಹಳಿಗುಂಟ ನಡೆದು ಬಂದು ಹೋಗುತ್ತಿದ್ದಳು.

ಪಾಠ ನಡೆಯುತ್ತಿದ್ದಾಗಲೇ ಎತ್ತರದ ಕಿಟಕಿಗಳು ಬೆಳ್ಳಗಾದವು. ಮುಂಜಾನೆ ಬೂದು ಆಕಾಶವಿತ್ತು, ಅಷ್ಟೇ. ರೇಡಿಯೊ ಸಂಜೆಗೆ ಹಿಮ ಎಂದಿತ್ತು. ಅದು ಕಾಯಲಿಲ್ಲ. ಗಾಳಿ ಗೋಡೆಗೆ ಬಡಿದ ಸದ್ದಿಗೆ ದೀಪಗಳು ಓಲಾಡಿದವು. ಬಾಗಿಲು ತೆರೆದು ನೋಡಿದ ಮುಖ್ಯೋಪಾಧ್ಯಾಯ ರೊಂಗ್‌ಸ್ಟಾಡ್ ಹುಬ್ಬಿನ ತುಂಬ ಹಿಮ ಮೆತ್ತಿಸಿಕೊಂಡು ಒಳಬಂದರು.

"ಉಫ್ ದಾ! ಧ್ವಜದ ಕಂಬಾನೇ ಕಾಣಿಸ್ತಿಲ್ಲ. ಬಸ್ಸು ಹೊರಡಲ್ಲ. ಬಿರುಗಾಳಿ ಮನೆಗಳು!"

ನಮ್ಮ ಬಯಲಿನಲ್ಲಿ ಬಸ್ಸಿನಲ್ಲಿ ಬರುವ ಪ್ರತಿಯೊಂದು ಹಳ್ಳಿಗಾಡಿನ ಮಗುವಿಗೂ ಊರೊಳಗೆ ಒಂದು ಬಿರುಗಾಳಿ ಮನೆಯನ್ನು ಶಾಲೆ ತೆರೆದ ವಾರವೇ ಗೊತ್ತುಮಾಡಿರುತ್ತಾರೆ. ಹಿಮಗಾಳಿ ಎದ್ದ ದಿನ ಮಗು ಆ ಮನೆಗೆ ಹೋಗಿ, ಉಂಡು, ಮಲಗಿ, ಗಾಳಿ ನಿಂತ ಮೇಲೆ ತನ್ನ ಮನೆಗೆ ಹೋಗಬೇಕು. ಬಹುತೇಕ ಮಕ್ಕಳಿಗೆ ಅದು ಹಬ್ಬ. ಕೂಡಲೇ ಉಳಿದ ತರಗತಿಗಳ ಮಕ್ಕಳೂ ಒಳಾಂಗಣಕ್ಕೆ ನುಗ್ಗಿ ಗದ್ದಲವೆದ್ದಿತು. ಮೆಟ್ಟಿಲ ಮೇಲಿನ ತಾಯಂದಿರು ಮಕ್ಕಳನ್ನು ಕೂಗುವವರು, ಮಕ್ಕಳು ಕೋಟಿಗಾಗಿ ಓಡುವವರು, ಒಳಾಂಗಣ ಸಂತೆಯಾಯಿತು. ಆ ಗಲಭೆಯನ್ನು ಸೀಳಿಕೊಂಡು ಅಲ್ವೀನಾರ ದನಿ ಬಂತು:

"ಇಡೀ ಶಾಲೆ ಗೆರೆಯೊಳಗೆ! ಬಸ್ಸಿನ ಮಕ್ಕಳು ಬಳೆಯೊಳಗೆ! ಉಳಿದವರು ಹೊರಗೆ!"

ಮೂರನೆಯ ತರಗತಿಯವರು ಮೊದಲು ಓಡಿದರು. ಅವರನ್ನು ನೋಡಿ ದೊಡ್ಡ ಮಕ್ಕಳೂ ನಿಂತರು. ಬಳೆ ಸಾಲದೆ ಹಗ್ಗದ ಗಂಟು ಬಿಚ್ಚಿ ಅಗಲ ಮಾಡಬೇಕಾಯಿತು. ಕ್ಷಣದಲ್ಲಿ ಸಂತೆ ಚಿತ್ರಪಟವಾಯಿತು! ಬಳೆಯೊಳಗಿನ ಒಬ್ಬೊಬ್ಬರ ಹೆಸರನ್ನೂ ಕೂಗಿ, ಕರೆದೊಯ್ಯುವ ಮನೆಯವರ ಕೈಗೆ ಒಪ್ಪಿಸತೊಡಗಿದರು. ಮನೆಯವರು ಇನ್ನೂ ಬಾರದ ಮಕ್ಕಳನ್ನು ಮೆಟ್ಟಿಲ ಮೇಲಿದ್ದ ಅಂಗಡಿಯವರು ಕೈಹಿಡಿದು ಕರೆದೊಯ್ದರು. ಬ್ರೆಕೆ ಎದ್ದು ನಿಂತು ನೋಡುತ್ತಿದ್ದ. ಆತನ ಮುಖದಲ್ಲಿ ಟ್ರ್ಯಾಕ್ಟರ್ ಓಡಿಸಿ ನೋಡುವಾಗಿನ ಗಮನವಿತ್ತು.

ಬಳೆ ಖಾಲಿಯಾಯಿತು. ಅಲ್ವೀನಾ ಗೆದ್ದ ಮುಖದಿಂದ ಹೊರಗಿನವರತ್ತ ತಿರುಗಿದರು.

"ಬಸ್ಸಿನವರು ಮುಗೀತು. ಉಳಿದವರು ಊರಿನ ಮಕ್ಕಳು. ಟೊಪ್ಪಿ ಹಾಕ್ಕೊಂಡು ಕೈ ಕೈ ಹಿಡ್ಕೊಂಡು ನೇರ ಮನೆಗೆ!"

"ಮಿಸ್! ಮಿಸ್!"

ಎಯುಲಾಲಿಯಾ ಕುಪ್ಪಳಿಸುತ್ತಿದ್ದಳು. ಹೆದರಿಕೆಯಿಂದಲ್ಲ, ಓದುಗರು ತಪ್ಪು ತಿಳಿಯಬಾರದು. ಟೀಚರನ್ನೇ ತಪ್ಪಿನಲ್ಲಿ ಹಿಡಿದ ಆನಂದದಿಂದ.

"ಮಿಸ್, ನೀವು ಬೆಕ್ಕು ನಾಯಿ ಮಾಡ್ಬಿಟ್ರಿ! ಉಳಿದವ್ರು ಊರಿನವ್ರು ಅಲ್ಲ. ಉಳಿದವ್ರು ಬಸ್ಸಿಲ್ದವ್ರು! ನಾನು ಬಸ್ಸಿನವಳೂ ಅಲ್ಲ, ಊರಿನವಳೂ ಅಲ್ಲ!"

 

ಸೋಲ್‌ಬರ್ಗಿನಲ್ಲಿ ಹುಟ್ಟಿ ಬೆಳೆದವರಿಗೆ ಮನುಷ್ಯರು ಎರಡೇ ಬಗೆ: ಹೊಲದವರು, ಊರಿನವರು. ಹೊಲದವನಲ್ಲ ಎಂದರೆ ಊರಿನವನೇ. ಇದನ್ನು ಯಾರೂ ನಮಗೆ ಕಲಿಸಿರಲಿಲ್ಲ, ಆದ್ದರಿಂದಲೇ ಯಾರೂ ಪ್ರಶ್ನಿಸಿರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಹೊಳೆಯಲಿಲ್ಲ, ಪಾದ್ರಿಗಳಿಗೆ ಹೊಳೆಯಲಿಲ್ಲ, ಆರು ತಿಂಗಳಿಂದ ಅದನ್ನೇ ಕಲಿಸುತ್ತಿದ್ದ ಅಲ್ವೀನಾ ಟ್ವೇಟನ್ನರಿಗೂ ಹೊಳೆಯಲಿಲ್ಲ. ಅವರ ಮುಖ ಕಾಗದದಂತಾದುದನ್ನು ನಾನು ನೋಡಿದೆ. ನಂತರ ಅದೇ ಮುಖ ಕೆಂಪೇರಿತು, ಕಣ್ಣು ಮಿಂಚಿದವು, ಅವರು ಹುಡುಗಿಯನ್ನು ಎತ್ತಿ ಗಿರ್ರನೆ ತಿರುಗಿಸಿದರು.

"ಸರಿ! ನೂರಕ್ಕೆ ನೂರು ಸರಿ! ತಪ್ಪು ನಂದು, ಎಲ್ಲರೂ ಕೇಳಿಸ್ಕೊಳ್ಳಿ, ತಪ್ಪು ನಂದು! ಬಳೇಲಿಲ್ಲ ಅನ್ನೋದು ಬಿಟ್ರೆ ಪೂರಕ ಗಣ ಇನ್ನೇನೂ ಹೇಳಲ್ಲ. ಎಷ್ಟು ಸಲ ಹೇಳಿದೀನಿ ನಾನೇ!" ಅವಳನ್ನು ಇಳಿಸಿ, "ಇವಳು ನನ್ನ ಮನೆಗೆ. ಇನ್ನು ಉಳಿದವರನ್ನ ಒಬ್ಬೊಬ್ಬರನ್ನೇ ಕೇಳ್ತೀನಿ, ಬಾಯಿಬಿಟ್ಟು ಹೇಳ್ಬೇಕು. ಎಲ್ಲಿ ನಿನ್ನ ಮನೆ? ಅಲ್ಲಿ ಯಾರಿದಾರೆ ಈಗ?"

ಕೇಳಿದ್ದು ಒಳ್ಳೆಯದಾಯಿತು. ಊರಿನದೇ ಒಬ್ಬ ಪುಟ್ಟ ಹುಡುಗನ ತಾಯಿ ಆ ದಿನ ಆಸ್ಪತ್ರೆಯಲ್ಲಿದ್ದಳು, ಮನೆಗೆ ಬೀಗ. ಅವನೂ ಉಳಿದ.

ಆಗ ಎಯುಲಾಲಿಯಾ ಮೆಲ್ಲನೆ, "ಮಿಸ್, ನಾನು ಬರಲಿಲ್ಲ ಅಂದ್ರೆ ಅಪ್ಪ ಹುಡುಕ್ಕೊಂಡು ಹಳಿ ಮೇಲೆ ಬರ್ತಾರೆ" ಎಂದಳು.

ಆ ಮನೆಗೆ ಊರಿನ ಟೆಲಿಫೋನ್ ಇರಲಿಲ್ಲ. ರೈಲ್ವೆಯದೇ ಫೋನಿನ ತಂತಿ ಇತ್ತು. ಅದರ ಈ ತುದಿ ನನ್ನ ನಿಲ್ದಾಣದಲ್ಲಿ. ನಿಲ್ದಾಣ ಶಾಲೆಯ ಎದುರು ಬದಿಯಲ್ಲೇ ಇದ್ದುದರಿಂದ, ಬೇಲಿಯನ್ನು ಬಿಡದೆ ಹಿಡಿದುಕೊಂಡು ದಾಟಿದೆ. ಹ್ಯಾಂಡಲ್ ತಿರುಗಿಸಿದೆ, ತಿರುಗಿಸಿದೆ. ಕೊನೆಗೆ ಆ ಕಡೆಯಿಂದ ಹೆಂಗಸಿನ ದನಿ. ಆಕೆಗೆ ನನ್ನ ಇಂಗ್ಲಿಷ್ ತಿಳಿಯಿತೋ ಇಲ್ಲವೋ, ಮಗಳ ಹೆಸರು ತಿಳಿಯಿತು, ಗಂಡನನ್ನು ಕೂಗಿದಳು. ಬೂಟು ಹಾಕಿಕೊಂಡು ಲಾಂದ್ರ ಹಿಡಿದಿದ್ದಾತ ಹೊಸ್ತಿಲಿನಿಂದ ಹಿಂದಿರುಗಿ ಬಂದ.

"ಹೊರಗೆ ಕಾಲಿಡ್ಬೇಡಪ್ಪ, ಮಗು ಟೀಚರ್ ಮನೇಲಿರುತ್ತೆ," ಎಂದೆ.

"ಯಾವ ಟೀಚರ್?"

"ಹಗ್ಗದ ಟೀಚರ್."

ಆತ ಜೋರಾಗಿ ನಕ್ಕ. ಅದು ನಗುವೋ ಅಳುವೋ ಹೇಳಲಾರೆ. ತಂತಿಯಲ್ಲಿ ಎರಡೂ ಒಂದೇ ರೀತಿ ಕೇಳಿಸುತ್ತವೆ.

ನಾನು ಹಿಂದಿರುಗಿದಾಗ ಮಕ್ಕಳೆಲ್ಲ ಹೋಗಿದ್ದರು. ಅಲ್ವೀನಾರೊಂದಿಗೆ ಉಳಿದ ಇಬ್ಬರು ಶಾಲೆಯ ಅಡಿಗೆಮನೆಯಲ್ಲಿ ಬಿಸಿ ಕೋಕೋ ಕುಡಿಯುತ್ತಿದ್ದರು. ಹಳ್ಳಿಗಾಡಿನ ರೈತರು ಕಾರುಗಳನ್ನು ಬಿಟ್ಟು ಚರ್ಚಿನ ನೆಲಮಾಳಿಗೆಗೆ ಹೋಗಲು ಸಿದ್ಧರಾಗಿದ್ದರು. ಆದರೆ ಒಬ್ಬರೂ ಹೊರಟಿರಲಿಲ್ಲ. ಮತದಾನ ಬಾಕಿ ಇತ್ತು. ಮಂಡಳಿಯ ಐವರೂ ಅಲ್ಲಿಯೇ ಇದ್ದರು, ಸಭೆಯ ಹೊತ್ತಾಗಿತ್ತು, ಮುಂದೂಡಬೇಕೆಂದು ಯಾರೂ ಸೂಚಿಸಲಿಲ್ಲ. ಆದುದರಿಂದ ಸಭೆ ಕ್ರಮಬದ್ಧವೇ.

ನಡೆದುದನ್ನೆಲ್ಲ ಕಂಡ ಮೇಲೆ ಬ್ರೆಕೆ ಮನಸ್ಸು ಬದಲಿಸಿದ ಎಂದು ನೀವು ಎಣಿಸಿದ್ದರೆ, ಆತ ನಿಮಗೆ ಗೊತ್ತಿಲ್ಲ. "ಹುಡುಗಿ ಜಾಣೆ. ಟೀಚರೂ ಒಳ್ಳೇವ್ರೇ. ಆದ್ರೆ ಮಗ್ಗಿ ಎಲ್ಲಿ? ಮಗ್ಗಿ ಬರದ ಹುಡುಗ ನನ್ನ ಗೋಧಿ ತೂಗಕ್ಕೆ ಬಂದ್ರೆ?" ಎಂದು ಶುರುಮಾಡಿದ. ಎರಡೂ ಕಡೆಯವರು ಮಾತನಾಡಿದರು. ಕೊನೆಗೆ, ಹಿಮದ ಕಾರಣ ಅವಸರವಾಗಿ,

"ಸರಿ, ಹಗ್ಗ ಹೇಗೂ ಬಿದ್ದಿದೆಯಲ್ಲ. ಹೊಸ ಗಣಿತ ಇರ್ಲಿ ಅನ್ನೋ ಸದಸ್ಯರು ಬಳೆಯೊಳಗೆ ಹೋಗಿ ನಿಂತ್ಕೊಳ್ಳಿ," ಎಂದ.

ಬೇಕರಿಯ ಓಕ್ರೆ ತಟ್ಟನೆ ಹೋಗಿ ನಿಂತ. ಆತನ ಹಿಂದೆ ಇನ್ನೊಬ್ಬ. ಅಷ್ಟೇ. ಬ್ರೆಕೆ, ಆತನ ನೆರೆಯ ರೈತ, ಬೋರ್ಗಿಲ್ಡ್ ಲುಂಡೆ ಅಜ್ಜಿ, ಮೂವರೂ ಹೊರಗೆ. ಅಡಿಗೆಮನೆಯ ಬಾಗಿಲಲ್ಲಿ ಅಲ್ವೀನಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. 

"ಒಳಗೆ ಇಬ್ಬರು, ಬೇಡ ಅನ್ನೋರು ಮೂವರು. ತೆಗೆದದ್ದಾಯ್ತು. ಬರ್ಕೋ ಸೆವೆರಿನ್."

ನಾನು ಪೆನ್ನು ಎತ್ತಿದೆ. ಅಡಿಗೆಮನೆಯ ಬಾಗಿಲಿನಿಂದ ದನಿ ಸಿಡಿಯಿತು.

"ಆರ್ವಿಡ್! ಬೇಡ ಅಂತ ಯಾರು ಅಂದ್ರು?"

"ಬಳೆಯೊಳಗೆ ಬರ್ಲಿಲ್ಲ ಅಂದ್ಮೇಲೆ ಬೇಡ ಅಂತ ತಾನೇ, ತಾಯಿ?"

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ! ಈಗ ತಾನೇ ನಾನು ಇದೇ ತಪ್ಪು ಮಾಡಿ ಒಂದು ಮಗೂನ ಹಿಮದೊಳಗೆ ಕಳಿಸ್ತಿದ್ದೆ. ನೀವು ನೋಡ್ತಾ ನಿಂತಿದ್ರಿ. ಕೇಳಿ ಅವರನ್ನ! ಬಾಯಿಬಿಟ್ಟು ಹೇಳ್ಲಿ!"

ಮೆಟ್ಟಿಲ ಸಾಲಿನಿಂದ, "ಬೆಕ್ಕು ನಾಯಿ ಮಾಡ್ಬಿಟ್ಯಲ್ಲೋ, ಆರ್ವಿಡ್!" ಎಂದು ಮೊದಲು ನಾಯಿ ಎಂದು ಕೂಗಿದ್ದ ರೈತನೇ ಕೂಗಿದ. ನಗೆ ಸ್ಫೋಟಿಸಿತು. ಬ್ರೆಕೆ ಕೆಂಪಗಾದ, ಆದರೆ ಕ್ರಮ ತಪ್ಪುವ ಮನುಷ್ಯನಲ್ಲ. ನೆರೆಯವನತ್ತ ತಿರುಗಿದ.

"ಬೇಡ," ಎಂದ ಆತ.

"ನಂದೂ ಬೇಡ. ಮಿಸೆಸ್ ಲುಂಡೆ, ನಿಮ್ದು?"

ಅಜ್ಜಿ ಊರುಗೋಲನ್ನು ಎರಡು ಕೈಗಳಿಂದ ಹಿಡಿದು ಹಗ್ಗವನ್ನು ದಿಟ್ಟಿಸುತ್ತಿದ್ದರು.

"ಬೇಕು ಕಣಪ್ಪ, ಬೇಡ ಅಂತ ಯಾವಾಗ ಅಂದೆ? ಆ ಸುಡುಗಾಡು ಹಗ್ಗ ದಾಟಕ್ಕೆ ಹೋಗಿ ಮುಗ್ಗರಿಸಿ ಬಿದ್ರೆ ಸೊಂಟ ಯಾರು ಕಟ್ಟಿಕೊಡ್ತಾರೆ, ನೀನಾ?"

 ಬಳಿಕ ಆ ಛಾವಣಿ ಹಾರಿಹೋಗದಿದ್ದುದು ಹಿಮದ ಭಾರದಿಂದಲೇ ಇರಬೇಕು! ಟೊಪ್ಪಿಗಳು ಹಾರಿದವು. ಓಕ್ರೆ ಬಳೆಯೊಳಗೇ ಕುಣಿದ. ಅಡಿಗೆಮನೆಯಿಂದ ಕೋಕೋ ಮೀಸೆಯ ಇಬ್ಬರು ಮಕ್ಕಳು ಓಡಿ ಬಂದು, ಏನಾಯಿತೆಂದು ತಿಳಿಯದೆಯೇ ಎಲ್ಲರಿಗಿಂತ ಜೋರಾಗಿ ಕಿರುಚಿದರು. ಬ್ರೆಕೆ ನಗಲಿಲ್ಲ. ನಾನು ಬರೆಯುತ್ತಿದ್ದ ಮೇಜನ್ನು ಮೂರು ಸಲ ಕುಟ್ಟಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ, "ಇರಲಿ ಅನ್ನೋರು ಮೂವರು, ಬೇಡ ಅನ್ನೋರು ಇಬ್ಬರು. ಹೊಸ ಗಣಿತ ಇರುತ್ತೆ. ನನಗೆ ಇಷ್ಟ ಇಲ್ಲ, ಅದನ್ನೂ ಬರ್ಕೋ," ಎಂದ. ಬರೆದುಕೊಂಡೆ.

ಅಲ್ವೀನಾ ಕಾಫಿಯ ತಟ್ಟೆಯನ್ನು ನೆಲದ ಮೇಲಿಟ್ಟು, ಆಯತವನ್ನು ಅಡ್ಡಲಾಗಿ ದಾಟಿ ಓಡಿ ಬಂದು, ಬೋರ್ಗಿಲ್ಡ್ ಲುಂಡೆ ಅವರನ್ನು ಊರುಗೋಲಿನ ಸಮೇತ ನೆಲದಿಂದ ಮೇಲೆತ್ತಿಬಿಟ್ಟರು.

"ಇಳಿಸೇ! ಇಳಿಸೇ ಹುಚ್ಚಿ!" ಎಂದು ಅಜ್ಜಿ ಕೂಗುತ್ತಲೇ ಇದ್ದರು. ಮಂಡಳಿಯ ಅಧ್ಯಕ್ಷನೂ ಕಾರ್ಯದರ್ಶಿಯೂ ಎರಡು ಕಡೆಯಿಂದ ಹಿಡಿದ ಮೇಲೆಯೇ ಅವರು ಇಳಿಸಿದ್ದು.